ಸಿಡಿಲು, ಹೈ ವೋಲ್ಟೇಜಿನ ಬಳಿಕ ಪರದೆ ಬೆಳಗದ ಗಣಕಯಂತ್ರ: ಮನೆಯಲ್ಲಿಯೇ ಪರಿಶೀಲಿಸುವ ಕ್ರಮ

ತುಲಾ ಮಾಸದ ಮಧ್ಯಾಹ್ನ ಕಾಸರಗೋಡಿನ ಆಕಾಶ ಕಪ್ಪಿಟ್ಟು ಗುಡುಗತೊಡಗಿದಾಗಲಾಗಲಿ, ಬೇಸಗೆಯ ಕೊನೆಗೆ ಜತ್ತ, ಅಕ್ಕಲಕೋಟೆಗಳ ಕಡೆ ಬಿರುಗಾಳಿಯೆದ್ದು ತಂತಿಗಳು ಒಂದಕ್ಕೊಂದು ತಾಗಿದಾಗಲಾಗಲಿ ಮನೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಒಂದೇ. ವಿದ್ಯುತ್ತು ಹೋಗುತ್ತದೆ, ಬರುತ್ತದೆ, ಬಂದ ಕ್ಷಣದಲ್ಲಿ ದೀಪ ಕಣ್ಣು ಕೋರೈಸುವಂತೆ ಹೊಳೆದು ಮತ್ತೆ ಮಂಕಾಗುತ್ತದೆ. ಅನಂತರ ಗಣಕಯಂತ್ರದ ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೆಲವೊಮ್ಮೆ ಫ್ಯಾನೂ ತಿರುಗುವುದಿಲ್ಲ.

ಬಿಡಿಭಾಗಗಳನ್ನು ಕೊಂಡು ಜೋಡಿಸಿದ, ಅಂಗಡಿಯವರು ‘ಅಸೆಂಬಲ್ಡ್’ ಎನ್ನುವ ಗಣಕಯಂತ್ರವಿರುವ ಮನೆಗಳಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಇಂತಹ ಯಂತ್ರದಲ್ಲಿ ಒಂದು ಅನುಕೂಲವಿದೆ: ಪ್ರತಿಯೊಂದು ಭಾಗವೂ ಪ್ರತ್ಯೇಕವಾಗಿ ಕಳಚಿಕೊಳ್ಳುತ್ತದೆ, ಆದುದರಿಂದ ಕೆಟ್ಟದ್ದು ಯಾವುದೆಂದು ಒಂದೊಂದಾಗಿ ಬೇರ್ಪಡಿಸಿ ನೋಡಬಹುದು. ಹಾಗೆ ನೋಡದೆ ‘ಮದರ್‌ಬೋರ್ಡ್ ಹೋಗಿದೆ, ಹೊಸದೇ ಆಗಬೇಕು’ ಎಂಬ ಮಾತನ್ನು ಒಪ್ಪಿ ದುಡ್ಡು ಕೊಟ್ಟುಬಂದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಪರದೆ ಮೂಡದಿರುವುದು ಒಂದು ಲಕ್ಷಣ ಮಾತ್ರ. ಅದರ ಹಿಂದಿನ ಕಾರಣ ಎಷ್ಟೋ ಸಲ ಪೆಟ್ಟಿಗೆಯ ಹಿಂಬದಿಯ ಎಸ್‌ಎಂಪಿಎಸ್ ಆಗಿರುತ್ತದೆ, ಇಲ್ಲವೆ ಮಾನಿಟರೇ ಆಗಿರುತ್ತದೆ. ಮಕ್ಕಳ ಬರಹ, ಫೋಟೋ, ಪ್ರಮಾಣಪತ್ರಗಳ ಪ್ರತಿ ಇರುವ ಡಿಸ್ಕು ಬಹುತೇಕ ಸಂದರ್ಭಗಳಲ್ಲಿ ಬದುಕಿಯೇ ಇರುತ್ತದೆ. ಅದನ್ನು ಕಳೆದುಕೊಳ್ಳುವುದು ಸಿಡಿಲಿನಿಂದಲ್ಲ, ಆಮೇಲಿನ ಅವಸರದಿಂದ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಆಡುಮಾತಿನಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುತ್ತೇವೆ. ಇಲ್ಲಿ ಗೊಂದಲವಾಗದಂತೆ ಪೆಟ್ಟಿಗೆಯನ್ನು ಕ್ಯಾಬಿನೆಟ್ ಎಂದೂ, ಮದರ್‌ಬೋರ್ಡಿನ ಮೇಲೆ ಫ್ಯಾನಿನ ಅಡಿಯಲ್ಲಿರುವ ಚಿಪ್ಪನ್ನು ಪ್ರೊಸೆಸರ್ ಎಂದೂ ಕರೆಯುತ್ತೇವೆ.

ಹೆಚ್ಚುವರಿ ವಿದ್ಯುತ್ತು ಒಳಬರುವ ದಾರಿಗಳು

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ನಿಗದಿತ ಪ್ರಮಾಣ 230 ವೋಲ್ಟ್. ಕಂಬದ ಮೇಲೆ ಹಾದುಹೋಗುವ ಮೂರು ಫೇಸ್‌ಗಳಲ್ಲಿ ಯಾವುದೇ ಎರಡರ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಗಾಳಿಗೆ ತೆಂಗಿನ ಗರಿ ಬಿದ್ದೋ, ಹಳೆಯ ಜೋಡಣೆ ಸಡಿಲವಾಗಿಯೋ ನ್ಯೂಟ್ರಲ್ ತಂತಿ ಕಡಿದರೆ ಒಂದು ಸಾಲಿನ ಕೆಲವು ಮನೆಗಳಿಗೆ ಈ 400 ವೋಲ್ಟಿನ ಸಮೀಪದ ವಿದ್ಯುತ್ತೇ ನುಗ್ಗಬಹುದು. ಅದೇ ವೇಳೆಗೆ ಪಕ್ಕದ ಮನೆಯ ದೀಪ ಮಿಣುಕುತ್ತಿರುತ್ತದೆ. ಒಂದು ಕೋಣೆಯ ಬಲ್ಬು ಅತಿಯಾಗಿ ಉರಿದು ನೆರೆಮನೆಯದು ಮಂದವಾಗಿದ್ದರೆ ನ್ಯೂಟ್ರಲ್ ಹೋಗಿದೆಯೆಂದು ಊಹಿಸಿ ಮೊದಲು ಮೈನ್ ಸ್ವಿಚ್ ಇಳಿಸಬೇಕು. ಗಣಕಯಂತ್ರದ ಮಾತು ಆಮೇಲೆ.

ಸಿಡಿಲಿನ ಬಗೆ ಬೇರೆ. ಅದು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದ ಕಂಬಕ್ಕೋ ಮರಕ್ಕೋ ಬಡಿದರೂ ಉದ್ದವಾದ ತಂತಿಗಳಲ್ಲಿ ಕ್ಷಣಾರ್ಧದ ಅಲೆಯೊಂದು ಏಳುತ್ತದೆ. ಈ ಅಲೆ ಪ್ಲಗ್ಗಿನಿಂದ ಮಾತ್ರ ಬರುತ್ತದೆಂದು ತಿಳಿಯುವುದು ತಪ್ಪು. ಟೆಲಿಫೋನ್ ತಂತಿ, ಕೇಬಲ್ ಟಿವಿಯ ತಂತಿ, ರೂಟರಿನಿಂದ ಗಣಕಯಂತ್ರಕ್ಕೆ ಎಳೆದ ಲ್ಯಾನ್ ತಂತಿ, ಇವೂ ದಾರಿಗಳೇ. ಪ್ಲಗ್ ಕಿತ್ತಿದ್ದರೂ ಯಂತ್ರ ಕೆಟ್ಟಿತೆಂದು ಹೇಳುವ ಮನೆಗಳಲ್ಲಿ ವಿಚಾರಿಸಿದರೆ ಲ್ಯಾನ್ ತಂತಿ ಹಾಗೆಯೇ ಇತ್ತೆಂದು ತಿಳಿದುಬರುವುದುಂಟು. ಅಂತಹ ಸಂದರ್ಭದಲ್ಲಿ ಎಸ್‌ಎಂಪಿಎಸ್‌ಗೆ ಏನೂ ಆಗಿರುವುದಿಲ್ಲ. ಮದರ್‌ಬೋರ್ಡಿನ ಲ್ಯಾನ್ ಕಿಂಡಿಯ ಬಳಿಯ ಸಣ್ಣ ಚಿಪ್ಪು ಸುಟ್ಟು ಉಳಿದದ್ದನ್ನು ತಡೆದು ನಿಲ್ಲಿಸಿರುತ್ತದೆ.

ಪ್ಲಗ್ಗಿನ ದಾರಿಯಾಗಿ ಬಂದ ಹೊಡೆತವನ್ನು ಮೊದಲು ಎದುರಿಸುವುದು ಎಸ್‌ಎಂಪಿಎಸ್. ಅದರೊಳಗೆ ಒಂದು ಫ್ಯೂಸೂ, ಒಳ್ಳೆಯ ತಯಾರಿಕೆಯಾದರೆ ವೇರಿಸ್ಟರ್ ಎಂಬ ಬಿಲ್ಲೆಯಂತಹ ಭಾಗವೂ ಇರುತ್ತವೆ. ವೋಲ್ಟೇಜು ಮಿತಿಮೀರಿದೊಡನೆ ವೇರಿಸ್ಟರ್ ಅದನ್ನು ತನ್ನ ಮೂಲಕ ಹರಿಯಗೊಟ್ಟು, ಬೇಕಾದರೆ ಫ್ಯೂಸನ್ನು ಸುಟ್ಟು, ಹಿಂದಿನ ಭಾಗಗಳನ್ನು ಕಾಯುತ್ತದೆ. ಹೀಗಾಗಿ ಎಸ್‌ಎಂಪಿಎಸ್ ಸತ್ತಿರುವುದು ಎಷ್ಟೋ ಸಲ ಶುಭಸೂಚನೆ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬರುವ ಹಗುರವಾದ ಎಸ್‌ಎಂಪಿಎಸ್‌ಗಳಲ್ಲಿ ಈ ಬಿಲ್ಲೆಯನ್ನು ಕೂರಿಸದೆ ಜಾಗವನ್ನು ಖಾಲಿ ಬಿಟ್ಟಿರುವುದೂ ಉಂಟು. ಅವು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಒಯ್ಯಬಹುದು.

ಮುಟ್ಟುವ ಮುನ್ನ

ಸುಟ್ಟ ವಾಸನೆ ಬಂದಿದ್ದರೆ, ಚಟ್ಟನೆ ಸದ್ದು ಕೇಳಿದ್ದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ನೋಡಬಾರದು. ಪ್ಲಗ್ ಕೀಳಬೇಕು. ಮಿಂಚು ಇನ್ನೂ ನಿಂತಿರದಿದ್ದರೆ ಪ್ಲಗ್ಗಿನ ಬಳಿಗೂ ಹೋಗದೆ ಕಾಯುವುದೇ ಸರಿ. ಮಳೆ ನಿಂತ ಮೇಲೆ ಆ ಸಾಕೆಟ್ಟಿನಲ್ಲಿ ಬೇರೊಂದು ಸಾಮಾನ್ಯ ಉಪಕರಣ, ಟೇಬಲ್ ದೀಪವೋ ಹಳೆಯ ಚಾರ್ಜರೋ, ಸರಿಯಾಗಿ ನಡೆಯುತ್ತದೆಯೇ ಎಂದು ನೋಡಿದರೆ ಮೊದಲ ಸಂಶಯ ಪರಿಹಾರವಾಗುತ್ತದೆ. ಸ್ಪೈಕ್ ಗಾರ್ಡಿನ ಒಳಗಿನ ಫ್ಯೂಸು ಹೋಗಿರುವುದು, ಯುಪಿಎಸ್ ಟ್ರಿಪ್ ಆಗಿರುವುದು, ಇವೆರಡನ್ನೇ ಗಮನಿಸದೆ ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿಟ್ಟು ಪೇಟೆಗೆ ಒಯ್ದವರುಂಟು. ಆದುದರಿಂದ ಯಂತ್ರವನ್ನು ಒಮ್ಮೆ ನೇರವಾಗಿ ಗೋಡೆಯ ಸಾಕೆಟ್ಟಿಗೇ ಜೋಡಿಸಿ ನೋಡತಕ್ಕದ್ದು.

ಎಸ್‌ಎಂಪಿಎಸ್‌ನ ಲೋಹದ ಕವಚವನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಿನ ನೇರ ವಿದ್ಯುತ್ತು ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೆಯೂ ಅದು ಉಳಿದಿರಬಹುದು, ಕೆಟ್ಟ ಎಸ್‌ಎಂಪಿಎಸ್‌ನಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯಬಹುದು. ಮಕ್ಕಳು ಈ ಕೆಲಸದಲ್ಲಿ ಜೊತೆಗಿರುವುದು ಒಳ್ಳೆಯದೇ, ಅವರ ಕಣ್ಣು ನಮ್ಮದಕ್ಕಿಂತ ಚುರುಕು. ಆದರೆ ಕ್ಯಾಬಿನೆಟ್ ತೆರೆಯುವುದು ಹಿರಿಯರ ಕೈಯಲ್ಲಿ, ಪ್ಲಗ್ ಕಿತ್ತು ಎಲ್ಲರ ಕಣ್ಣಿಗೂ ಕಾಣುವಂತೆ ಮೇಜಿನ ಮೇಲಿಟ್ಟ ಬಳಿಕವೇ ಆಗಬೇಕು.

ಮೊದಲು ಮಾನಿಟರ್

ಮಾನಿಟರಿಗೆ ಪ್ರತ್ಯೇಕ ವಿದ್ಯುತ್ ತಂತಿಯಿರುವುದರಿಂದ ಹೊಡೆತ ಅದಕ್ಕೂ ಬಿದ್ದಿರಬಹುದು. ಅದರ ದೀಪ ಹೊತ್ತುತ್ತದೆಯೇ ನೋಡಬೇಕು. ಹೊತ್ತಿದರೆ, ಕ್ಯಾಬಿನೆಟ್ಟಿನಿಂದ ಬರುವ ಚಿತ್ರದ ತಂತಿಯನ್ನು ಮಾನಿಟರಿನ ತುದಿಯಲ್ಲಿ ಕಿತ್ತು, ಮಾನಿಟರನ್ನು ಒಮ್ಮೆ ಆರಿಸಿ ಹಚ್ಚಬೇಕು. ‘ನೋ ಸಿಗ್ನಲ್’ ಎಂದೋ ತಂತಿಯನ್ನು ಪರೀಕ್ಷಿಸಿರೆಂದೋ ಇಂಗ್ಲಿಷಿನಲ್ಲಿ ಅಕ್ಷರ ಮೂಡಿದರೆ ಪರದೆ ಬದುಕಿದೆ. ಏನೂ ಮೂಡದಿದ್ದರೆ ಮಾನಿಟರನ್ನೇ ಶಂಕಿಸಬೇಕು. ಪರದೆಯ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಮಸುಕಾದ ಚಿತ್ರ ಕಂಡರೆ ಹೋಗಿರುವುದು ಹಿಂಬದಿಯ ಬೆಳಕು ಮಾತ್ರ.

ಮನೆಯಲ್ಲಿ ಎಚ್‌ಡಿಎಂಐ ಕಿಂಡಿಯಿರುವ ಟಿವಿ ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷಾ ಸಾಧನ ಬೇಡ. ಕ್ಯಾಬಿನೆಟ್ಟನ್ನು ಟಿವಿಗೆ ಜೋಡಿಸಿ, ಸರಿಯಾದ ಎಚ್‌ಡಿಎಂಐ ಸಂಖ್ಯೆಯನ್ನು ಆಯ್ದು ನೋಡಬಹುದು. ವಿದ್ಯುತ್ತು ಹೋಗಿಬಂದಾಗ ಕೆಲವು ಮಾನಿಟರುಗಳು ವಿಜಿಎ, ಎಚ್‌ಡಿಎಂಐಗಳ ನಡುವಿನ ಆಯ್ಕೆಯನ್ನು ತಾವಾಗಿಯೇ ಬದಲಿಸಿಕೊಳ್ಳುತ್ತವೆ. ಮಾನಿಟರಿನ ಗುಂಡಿಯಿಂದ ಅದನ್ನೂ ಸರಿಪಡಿಸಿ ನೋಡಬೇಕು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಚಿತ್ರದ ತಂತಿ ಆ ಕಾರ್ಡಿನ ಕಿಂಡಿಗೇ ಹೋಗಿರಬೇಕು. ಕಾರ್ಡು ಸುಟ್ಟಿದೆಯೆಂಬ ಅನುಮಾನವಿದ್ದರೆ ಅದನ್ನು ಕಳಚಿ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಗೆ ಹಾಕಬಹುದು; ಆದರೆ ಪ್ರೊಸೆಸರಿನಲ್ಲಿಯೇ ಚಿತ್ರ ಮೂಡಿಸುವ ಭಾಗವಿದ್ದರೆ ಮಾತ್ರ ಇದು ಫಲಿಸುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಅದಿಲ್ಲ. ಎಎಂಡಿಯ ರೈಜನ್ 5000ರವರೆಗಿನ ಸರಣಿಗಳಲ್ಲಿಯೂ ‘ಜಿ’ ಅಕ್ಷರವಿಲ್ಲದ ಮೇಜಿನ ಗಣಕಯಂತ್ರದ ಪ್ರೊಸೆಸರುಗಳಲ್ಲಿ ಅದು ಇರುವುದಿಲ್ಲ. ಇಲ್ಲದುದನ್ನು ಹುಡುಕಿ ಬೋರ್ಡು ಸತ್ತಿದೆಯೆಂದು ತೀರ್ಮಾನಿಸುವುದು ಬೇಡ.

ಮೂರು ಬಗೆಯ ಮೌನ

ಮಾನಿಟರ್ ಸರಿಯಿದ್ದರೆ ಕ್ಯಾಬಿನೆಟ್ಟಿನ ವರ್ತನೆಯನ್ನು ಗಮನಿಸಬೇಕು. ಒಂದನೆಯದು, ಗುಂಡಿ ಒತ್ತಿದರೆ ಏನೂ ಆಗದು. ಎರಡನೆಯದು, ಫ್ಯಾನು ಒಂದು ಕ್ಷಣ ತಿರುಗಿ ನಿಲ್ಲುತ್ತದೆ. ಮೂರನೆಯದು, ಎಲ್ಲವೂ ತಿರುಗುತ್ತದೆ, ದೀಪ ಹೊತ್ತುತ್ತದೆ, ಪರದೆ ಮಾತ್ರ ಕಪ್ಪು. ಈ ಮೂರೂ ಮೂರು ಬೇರೆ ಕಡೆಗೆ ಬೆರಳು ತೋರುತ್ತವೆ. ದುರಸ್ತಿಯವರಿಗೆ ‘ಡಿಸ್‌ಪ್ಲೇ ಬರುವುದಿಲ್ಲ’ ಎಂದಷ್ಟೇ ಹೇಳದೆ ಇವುಗಳಲ್ಲಿ ಯಾವುದೆಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಯಾವ ಬಗೆಯೇ ಆಗಿರಲಿ, ಖರ್ಚಿಲ್ಲದ ಒಂದು ಉಪಾಯವನ್ನು ಮೊದಲು ಮಾಡಬೇಕು. ಪ್ಲಗ್ ಕಿತ್ತು, ಲ್ಯಾನ್ ಮತ್ತು ಯುಎಸ್‌ಬಿ ತಂತಿಗಳನ್ನೆಲ್ಲ ತೆಗೆದು, ಕ್ಯಾಬಿನೆಟ್ಟಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿಯಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಪ್ಲಗ್ ಹಾಕಬೇಕು. ವೋಲ್ಟೇಜು ಏರಿದಾಗ ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ತನ್ನನ್ನು ತಾನೇ ಬಂದ್ ಮಾಡಿಕೊಂಡು ಕುಳಿತಿರುತ್ತದೆ. ಒಳಗೆ ಉಳಿದ ವಿದ್ಯುತ್ತು ಪೂರ್ತಿ ಇಳಿದ ಬಳಿಕವೇ ಅದು ಬಿಡುಗಡೆಯಾಗುತ್ತದೆ. ನಮ್ಮ ಕಚೇರಿಯ ಹಳೆಯ ಯಂತ್ರವನ್ನು ಒಂದು ಅಂಗಡಿಯಲ್ಲಿ ‘ಬೋರ್ಡ್ ಹೋಗಿದೆ’ ಎಂದು ತಿರುಗಿಸಿ ಕಳುಹಿಸಿದ್ದರು. ಮಾರನೆಯ ದಿನ ಇದಿಷ್ಟನ್ನೇ ಮಾಡಿದಾಗ ಅದು ಎಂದಿನಂತೆ ಎದ್ದಿತು.

ಏನೂ ಆಗದಿದ್ದಾಗ: ಎಸ್‌ಎಂಪಿಎಸ್ ಪರೀಕ್ಷೆ

ಪ್ಲಗ್ ಹಾಕಿ, ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ‘1’ರ ಕಡೆಗಿರುವಾಗ, ಯಂತ್ರವನ್ನು ಆನ್ ಮಾಡದಿದ್ದರೂ ಮದರ್‌ಬೋರ್ಡಿನಲ್ಲಿ ಒಂದು ಸಣ್ಣ ದೀಪ ಉರಿಯುವುದು ಬಹಳಷ್ಟು ಬೋರ್ಡುಗಳಲ್ಲಿ ಉಂಟು. ಸದಾ ಹರಿಯುವ 5 ವೋಲ್ಟಿನ ಕಾಯ್ದ ವಿದ್ಯುತ್ತಿನ ಗುರುತು ಅದು. ಆ ದೀಪವಿದ್ದ ಬೋರ್ಡಿನಲ್ಲಿ ಈಗ ಅದು ಇಲ್ಲವಾದರೆ ಎಸ್‌ಎಂಪಿಎಸ್ ಸತ್ತಿರುವ ಸಂಭವವೇ ಹೆಚ್ಚು.

ಇನ್ನಷ್ಟು ಖಚಿತಪಡಿಸಿಕೊಳ್ಳಲು ಮೆಕ್ಯಾನಿಕ್‌ಗಳು ಮಾಡುವ ಪರೀಕ್ಷೆಯೊಂದಿದೆ. ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್, ಡಿಸ್ಕು, ಕಾರ್ಡುಗಳಿಗೆ ಹೋಗುವ ಎಲ್ಲ ಜೋಡಣೆಗಳನ್ನೂ ತೆಗೆಯಬೇಕು. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಇರುತ್ತದೆ, ಕಪ್ಪು ತಂತಿಗಳು ಹಲವಿರುತ್ತವೆ. ಬಾಗಿಸಿದ ಪೇಪರ್ ಕ್ಲಿಪ್ಪಿನಿಂದ ಹಸಿರನ್ನೂ ಯಾವುದಾದರೊಂದು ಕಪ್ಪನ್ನೂ ಜೋಡಿಸಿ, ಕೈ ತೆಗೆದ ಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿದರೆ ಎಸ್‌ಎಂಪಿಎಸ್‌ನ ಫ್ಯಾನು ತಿರುಗಬೇಕು. ತಂತಿಗಳೆಲ್ಲ ಕಪ್ಪೇ ಆಗಿರುವ ಹೊಸ ಮಾದರಿಗಳಲ್ಲಿ ಅಂದಾಜಿನ ಮೇಲೆ ಇದನ್ನು ಮಾಡಕೂಡದು. ಕಡಿಮೆ ಕೆಲಸವಿದ್ದಾಗ ಫ್ಯಾನನ್ನೇ ನಿಲ್ಲಿಸುವ ಮಾದರಿಗಳೂ ಬಂದಿರುವುದರಿಂದ ಕ್ಯಾಬಿನೆಟ್ಟಿನ ಒಂದು ಬಿಡಿ ಫ್ಯಾನನ್ನು ಅದಕ್ಕೆ ಜೋಡಿಸಿಟ್ಟರೆ ಸಂಶಯ ಉಳಿಯದು.

ಮಲ್ಟಿಮೀಟರ್ ಇದ್ದವರು, ಅದನ್ನು ಬಳಸಬಲ್ಲವರು, ಅಳೆದು ನೋಡಬಹುದು. ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47, ನೇರಳೆಯಲ್ಲಿ (ಇದೇ ಮೇಲೆ ಹೇಳಿದ ಸದಾ ಹರಿಯುವ ತಂತಿ) 4.75ರಿಂದ 5.25 ವೋಲ್ಟ್ ಇರಬೇಕು. ಫ್ಯಾನು ತಿರುಗಿತೆಂದ ಮಾತ್ರಕ್ಕೆ ಎಸ್‌ಎಂಪಿಎಸ್ ಪೂರ್ತಿ ಸರಿಯಿದೆಯೆಂದು ಹೇಳಲಾಗದು. ಭಾರ ಬಿದ್ದಾಗ ಕುಸಿಯುವುದುಂಟು. ನಮ್ಮ ಅನುಭವದಲ್ಲಿ ನಂಬಲರ್ಹವಾದ ಪರೀಕ್ಷೆಯೆಂದರೆ ಸರಿಯಿರುವ ಇನ್ನೊಂದನ್ನು ಜೋಡಿಸಿ ನೋಡುವುದು. ನೆರೆಯವರ, ನೆಂಟರ ಮನೆಯ ಯಂತ್ರದಿಂದ ಒಂದು ಗಂಟೆಯ ಮಟ್ಟಿಗೆ ಕೇಳಿ ತಂದರೆ ಸಾಕು. ಆದರೆ ಬೋರ್ಡಿನಲ್ಲಿ ಕಪ್ಪು ಕಲೆ ಅಥವಾ ಸುಟ್ಟ ವಾಸನೆಯಿದ್ದರೆ ಎರವಲು ತಂದದ್ದನ್ನು ಅದಕ್ಕೆ ಹಚ್ಚಬಾರದು. ಹಾಗೆಯೇ ನಮ್ಮ ಸಂಶಯಾಸ್ಪದ ಎಸ್‌ಎಂಪಿಎಸ್ಸನ್ನು ಅವರ ಯಂತ್ರಕ್ಕೆ ಹಾಕಿ ನೋಡುವುದೂ ಸಲ್ಲದು.

ಎರಡನೆಯ ಬಗೆ, ಅಂದರೆ ಕ್ಷಣಕಾಲ ತಿರುಗಿ ನಿಲ್ಲುವುದು, ಎಲ್ಲೋ ಶಾರ್ಟ್ ಆಗಿದೆಯೆಂಬುದರ ಸೂಚನೆ. ಡಿಸ್ಕು, ಡಿವಿಡಿ, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ಮುಂಭಾಗದ ಯುಎಸ್‌ಬಿ ಜೋಡಣೆ, ಇವುಗಳನ್ನು ಒಂದೊಂದಾಗಿ ಕಳಚಿ, ಪ್ರತಿ ಸಲವೂ ಪ್ಲಗ್ ಕಿತ್ತೇ ಕಳಚಿ, ಗುಂಡಿ ಒತ್ತಿ ನೋಡಬೇಕು. ಯಾವುದನ್ನು ತೆಗೆದಾಗ ಯಂತ್ರ ನಿಲ್ಲದೆ ನಡೆಯಿತೋ ಅದೇ ಅಪರಾಧಿ.

ಎಲ್ಲ ತಿರುಗಿದರೂ ಚಿತ್ರವಿಲ್ಲದಾಗ

ಅವಸರಪಡದೆ ಎರಡು ನಿಮಿಷ ಕಾದು ಕೀಬೋರ್ಡಿನ ‘ನಮ್ ಲಾಕ್’ ಗುಂಡಿ ಒತ್ತಬೇಕು. ಅದರ ದೀಪ ಹೊತ್ತಿ ಆರಿದರೆ ಯಂತ್ರ ಒಳಗೆ ಎದ್ದಿದೆ; ದೋಷವಿರುವುದು ಚಿತ್ರದ ದಾರಿಯಲ್ಲಿ ಮಾತ್ರ, ಅಂದರೆ ಕಾರ್ಡು, ಕಿಂಡಿ, ತಂತಿ ಇವುಗಳಲ್ಲೊಂದು. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿ ಮಾತ್ರ ಸುಟ್ಟು ವಿಜಿಎ ಉಳಿದಿರುವುದುಂಟು. ವಿಜಿಎ ತಂತಿಯಿಂದಲೂ ನೋಡದೆ ಮುಂದುವರಿಯಬಾರದು.

ದೀಪ ಬದಲಾಗದಿದ್ದರೆ ರ್‍ಯಾಮ್‌ನತ್ತ ಹೋಗಬೇಕು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ರ್‍ಯಾಮ್ ಪಟ್ಟಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಟಕ್ಕೆಂದು ಸದ್ದಾಗುವಂತೆ ಮತ್ತೆ ಕೂರಿಸಬೇಕು. ಕರಾವಳಿಯ ತೇವಕ್ಕೆ ಈ ಅಂಚು ಮಂಕಾಗುವುದು ಸಾಮಾನ್ಯ. ಸಿಡಿಲಿನ ತಲೆಗೆ ಕಟ್ಟಿದ ಎಷ್ಟೋ ದೋಷ ನಿಜವಾಗಿ ಇದೇ ಆಗಿರುತ್ತದೆ. ಎರಡು ಪಟ್ಟಿಗಳಿದ್ದರೆ ಒಂದನ್ನೇ ಹಾಕಿ, ಸ್ಥಾನ ಬದಲಿಸಿ, ಆಮೇಲೆ ಇನ್ನೊಂದನ್ನು ಹಾಕಿ ನೋಡಬೇಕು.

ಇಲ್ಲಿ ಒಂದು ಸಣ್ಣ ಸ್ಪೀಕರಿನ ಉಪಯೋಗವನ್ನು ಹೇಳಲೇಬೇಕು. ಬಟಾಣಿಯಷ್ಟು ದಪ್ಪದ ಈ ‘ಬಜರ್’ ಬಿಡಿಭಾಗಗಳ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಬೋರ್ಡಿನ ಮೇಲೆ ‘ಸ್ಪೀಕರ್’ ಎಂದು ಮುದ್ರಿಸಿರುವ ಪಿನ್ನುಗಳಿಗೆ ಅದನ್ನು ಜೋಡಿಸಿ, ರ್‍ಯಾಮ್ ಪಟ್ಟಿಗಳನ್ನೆಲ್ಲ ತೆಗೆದುಬಿಟ್ಟು ಯಂತ್ರವನ್ನು ಆನ್ ಮಾಡಬೇಕು. ರ್‍ಯಾಮ್ ಇಲ್ಲವೆಂದು ಬೋರ್ಡು ಬೀಪ್ ಬೀಪ್ ಎಂದು ದೂರಿದರೆ ಪ್ರೊಸೆಸರೂ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸೂ ಬದುಕಿವೆ ಎಂದರ್ಥ. ‘ಬೋರ್ಡು ಹೋಗಿದೆ’ ಎಂಬ ತೀರ್ಪನ್ನು ಪ್ರಶ್ನಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಸದ್ದೇ ಬಾರದಿದ್ದರೆ ಬೋರ್ಡು, ಪ್ರೊಸೆಸರ್, ಎಸ್‌ಎಂಪಿಎಸ್ ಈ ಮೂರರಲ್ಲಿ ಒಂದು. ಈಚಿನ ಕೆಲವು ಬೋರ್ಡುಗಳಲ್ಲಿ ಬೀಪ್ ಬದಲು ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ದೀಪಗಳಿರುತ್ತವೆ. ಯಾವುದು ಆರದೆ ನಿಂತಿದೆಯೋ ದೋಷ ಅಲ್ಲಿ.

ಬೋರ್ಡಿನ ಮೇಲಿನ ನಾಣ್ಯದಂತಹ ಸೆಲ್, ಸಿಆರ್2032, 3 ವೋಲ್ಟಿನದು. ಪ್ಲಗ್ ಕಿತ್ತು ಆ ಸೆಲ್ಲನ್ನು ಹತ್ತು ನಿಮಿಷ ಹೊರಗಿಟ್ಟು ಮತ್ತೆ ಹಾಕಿದರೆ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ಹೊಡೆತದಲ್ಲಿ ಕಲಸಿಹೋದ ಹೊಂದಿಕೆಗಳು ಇದರಿಂದ ಸರಿಯಾಗುವುದುಂಟು. ಡಿಡಿಆರ್5 ರ್‍ಯಾಮ್ ಇರುವ ಹೊಸ ಯಂತ್ರಗಳು ಇದಾದ ಮೇಲೆ ಮೊದಲ ಸಲ ಏಳಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳುತ್ತವೆ. ಆಗ ಕಪ್ಪು ಪರದೆ ಕಂಡು ಮತ್ತೆ ಆರಿಸಬಾರದು. ಸೆಲ್ ತೆಗೆಯುವ ಮೊದಲು ಡಿಸ್ಕಿನ ಬಗ್ಗೆ ಮುಂದೆ ಹೇಳಿರುವ ಒಂದು ಎಚ್ಚರಿಕೆಯನ್ನು ಓದಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಫಲವಿಲ್ಲವೆಂದರೆ ಬೋರ್ಡನ್ನು ಬೆಳಕಿನಲ್ಲಿ ನೋಡಬೇಕು: ತಲೆ ಉಬ್ಬಿದ ಕೆಪಾಸಿಟರ್, ಲ್ಯಾನ್ ಕಿಂಡಿಯ ಬಳಿ ಕಪ್ಪು ಕಲೆ. ಇವು ಕಂಡರೆ ಕೆಲಸ ಚಿಪ್ ಮಟ್ಟದ ದುರಸ್ತಿ ಬಲ್ಲವರದು.

ಡಿಸ್ಕು ಮತ್ತು ಕನ್ನಡದ ಕಡತಗಳು

ಯಂತ್ರವನ್ನು ಅಂಗಡಿಗೆ ಒಯ್ಯುವ ಮೊದಲು ಡಿಸ್ಕನ್ನು ಕಳಚಿ ಮನೆಯಲ್ಲಿಡುವುದು ನಮ್ಮ ಸಲಹೆ. ಪರದೆ ಮೂಡಿಸಲು ಡಿಸ್ಕು ಬೇಕಾಗಿಲ್ಲ. ಅದಿಲ್ಲದೆಯೂ ಬಯಾಸ್ ಪರದೆ ಬರುತ್ತದೆ, ಆದುದರಿಂದ ದುರಸ್ತಿಗೆ ಅಡ್ಡಿಯಾಗದು. ಸಾಟಾ ಡಿಸ್ಕನ್ನು ಯುಎಸ್‌ಬಿ ತಂತಿಯ ಮೂಲಕವೂ, ಎಂ.2 ಎಸ್‌ಎಸ್‌ಡಿಯನ್ನು ಅದಕ್ಕೆಂದೇ ಸಿಗುವ ಸಣ್ಣ ಪೆಟ್ಟಿಗೆಯ ಮೂಲಕವೂ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ‘ಫಾರ್ಮ್ಯಾಟ್ ಮಾಡಬೇಕೆ’ ಎಂದು ಪರದೆ ಕೇಳಿದರೆ ಉತ್ತರ ಯಾವಾಗಲೂ ಬೇಡವೆಂದೇ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಲಿನಕ್ಸ್ ಬಳಸಿ ಕಲಿತ ಮಕ್ಕಳಿಗೆ ಪೆನ್‌ಡ್ರೈವಿನಿಂದಲೇ ಉಬುಂಟು ಏಳಿಸಿ ಡಿಸ್ಕಿನ ಕಡತಗಳನ್ನು ನೋಡುವುದು ಕಷ್ಟವೇನಲ್ಲ. ವಿಂಡೋಸ್ ತೆರೆಯದ ಡಿಸ್ಕನ್ನೂ ಅದು ಎಷ್ಟೋ ಸಲ ಓದುತ್ತದೆ.

ಮೇಲೆ ಸೂಚಿಸಿದ ಎಚ್ಚರಿಕೆ ಇದು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸುವ ಯಂತ್ರಗಳಲ್ಲಿ ಡಿಸ್ಕು ಬಿಟ್‌ಲಾಕರ್ ಎಂಬ ಬೀಗದೊಳಗಿರಬಹುದು. ಬಯಾಸ್ ಹೊಂದಿಕೆ ಅಳಿದಾಗ, ಬೋರ್ಡು ಬದಲಾದಾಗ ಅಥವಾ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಖಾತೆಗೆ ಫೋನಿನಿಂದ ಪ್ರವೇಶಿಸಿ ಈ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಖಾತೆಯ ಗುಪ್ತಪದ ಮರೆತಿದ್ದರೆ ಸೆಲ್ಲಿಗೆ ಕೈ ಹಾಕುವ ಮುನ್ನ ಅದನ್ನು ಸರಿಪಡಿಸಿಕೊಳ್ಳಬೇಕು.

ನಮ್ಮವರಿಗೆ ಮಾತ್ರ ಎದುರಾಗುವ ತೊಂದರೆ ಇನ್ನೊಂದಿದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಣ್ಣೂರು, ಕೊಯಮತ್ತೂರು, ಸಾಂಗ್ಲಿಗಳ ದುರಸ್ತಿಗಾರರಿಗೆ ಇದರ ಪರಿಚಯವಿರುವುದಿಲ್ಲ. ಕಡತ ಕೆಟ್ಟಿದೆಯೆಂದು ಪ್ರಾಮಾಣಿಕವಾಗಿಯೇ ತಿಳಿದು ಅಳಿಸಿಬಿಡುವ ಅಪಾಯವಿದೆ. ಶಾಲಾ ವಾರ್ಷಿಕ ಸಂಚಿಕೆಯೋ ಅಜ್ಜನ ಯಕ್ಷಗಾನ ಪ್ರಸಂಗದ ಪ್ರತಿಯೋ ಹಾಗೆ ಕಂಡರೆ ಗಾಬರಿಪಡಬೇಕಾಗಿಲ್ಲ. ನುಡಿಯನ್ನೋ ಬರಹವನ್ನೋ ಸ್ಥಾಪಿಸಿ ಅದರ ಫಾಂಟನ್ನು ಆಯ್ದರೆ ಅಕ್ಷರ ಮರಳುತ್ತದೆ. ಅನಂತರ ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಫೋನಿನಲ್ಲಿಯೂ ಓದಬಹುದು.

ಅಂಗಡಿ ಮತ್ತು ವಿದ್ಯುತ್ ಕಚೇರಿ

ದುರಸ್ತಿಗೆ ಕೊಡುವಾಗ ಬೋರ್ಡು, ರ್‍ಯಾಮ್, ಕಾರ್ಡುಗಳ ಮೇಲಿನ ಸಂಖ್ಯೆಗಳು ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡು, ಬದಲಿಸಿದ ಭಾಗವನ್ನು ಹಿಂದಕ್ಕೆ ಕೊಡಬೇಕೆಂದು ಮೊದಲೇ ಹೇಳಬೇಕು. ಖಾತರಿ ಅವಧಿಯಲ್ಲಿದ್ದರೂ ಸುಟ್ಟ ಕಲೆಯಿರುವ ಭಾಗವನ್ನು ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಲೆಯಿಲ್ಲದಿದ್ದರೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಬೋರ್ಡು ನಿಜವಾಗಿಯೂ ಹೋಗಿದ್ದರೆ ಪ್ರೊಸೆಸರ್, ರ್‍ಯಾಮ್‌ಗಳನ್ನು ಉಳಿಸಿಕೊಂಡು ಅವಕ್ಕೆ ಹೊಂದುವ ಬೋರ್ಡು ಮಾತ್ರ ಕೊಳ್ಳಬಹುದು. ಇಂಟೆಲ್‌ನ ಎರಡನೆಯ, ಮೂರನೆಯ ಪೀಳಿಗೆಯ ಪ್ರೊಸೆಸರಿಗೆ ಬೇಕಾದುದು ಎಲ್‌ಜಿಎ 1155 ಸಾಕೆಟ್ಟು, ಡಿಡಿಆರ್3 ರ್‍ಯಾಮ್. ಈ ಎರಡು ಮಾತು ತಿಳಿದಿದ್ದರೆ ಎಲ್ಲವನ್ನೂ ಹೊಸದಾಗಿ ಕೊಳ್ಳುವ ಒತ್ತಾಯಕ್ಕೆ ಸಿಲುಕಬೇಕಾಗಿಲ್ಲ.

ನ್ಯೂಟ್ರಲ್ ಕಡಿದು ಹಲವು ಮನೆಗಳಲ್ಲಿ ಹಾನಿಯಾಗಿದ್ದರೆ ದಿನಾಂಕ, ಹೊತ್ತು, ಕಂಬದ ಸಂಖ್ಯೆ ಬರೆದು ನೆರೆಯವರೆಲ್ಲ ಸೇರಿ ವಿದ್ಯುತ್ ಕಚೇರಿಗೆ ಲಿಖಿತ ದೂರು ಕೊಡಬೇಕು. ವಿದ್ಯುತ್ ದೂರುಗಳಿಗೆ ಮೀಸಲಾದ ದೂರವಾಣಿ ಸಂಖ್ಯೆ 1912. ಅಲ್ಲಿ ಸಿಗುವ ದೂರಿನ ಸಂಖ್ಯೆಯನ್ನೂ ಅರ್ಜಿಯಲ್ಲಿ ನಮೂದಿಸಬೇಕು. ಅರ್ಜಿ ಮಲಯಾಳದಲ್ಲೋ ಮರಾಠಿಯಲ್ಲೋ ಇಲ್ಲವೆಂದು ಹಿಂಜರಿಯುವವರುಂಟು. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಕನ್ನಡದಲ್ಲಿಯೇ ಬರೆದು, ಬೇಗ ಕೆಲಸವಾಗಲೆಂದು ರಾಜ್ಯಭಾಷೆಯ ಸಾರಾಂಶವೊಂದನ್ನು ಜೊತೆಗಿಟ್ಟರೆ ಸಾಕು.

ಇನ್ನು ಮುಂದಕ್ಕೆ

ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ, ಅಥವಾ ಇದ್ದೂ ಸತ್ತಿದೆ. ಅರ್ಥಿಂಗ್ ಇಲ್ಲದೆ ಸ್ಪೈಕ್ ಗಾರ್ಡು ಅರೆಬರೆ ರಕ್ಷಣೆಯನ್ನಷ್ಟೇ ಕೊಡುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿನಲ್ಲಿ ತೂರಿಸುವ ಅಭ್ಯಾಸವನ್ನು ಬಿಡಬೇಕು. ಕೆಂಪುಕಲ್ಲಿನ ನೆಲದಲ್ಲಿ ಬೇಸಗೆಗೆ ಅರ್ಥ್ ಗುಂಡಿ ಒಣಗಿ ನಿರುಪಯುಕ್ತವಾಗುತ್ತದೆ. ವಾರಕ್ಕೊಮ್ಮೆ ಒಂದು ಕೊಡ ನೀರು ಹೊಯ್ಯುವುದು ಹಳಬರು ಮಾಡುತ್ತಿದ್ದ ಕೆಲಸ, ಇಂದಿಗೂ ಸಲ್ಲುವ ಕೆಲಸ. ಸ್ಪೈಕ್ ಗಾರ್ಡಿನ ವೇರಿಸ್ಟರ್ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ರಕ್ಷಣೆಯ ಸೂಚಕ ದೀಪ ಆರಿದ್ದರೆ ಅದು ಬರಿಯ ಎಕ್ಸ್‌ಟೆನ್ಷನ್ ಬೋರ್ಡು.

ವೋಲ್ಟೇಜು ಏರಿಳಿಯುವ ಊರುಗಳಲ್ಲಿ ವೋಲ್ಟೇಜನ್ನು ತಾನೇ ಸರಿದೂಗಿಸುವ ಯುಪಿಎಸ್ ಉಪಯುಕ್ತ. ಆದರೆ ಸಿಡಿಲಿನ ಮುಂದೆ ಅದೂ ಸಾಲದು. ಕೇರಳದಲ್ಲಿ ತುಲಾ ಮಳೆಯ ಕಾಲದ ಸಿಡಿಲು ಹೆಚ್ಚಾಗಿ ಮಧ್ಯಾಹ್ನ 2ರಿಂದ ರಾತ್ರಿ 10ರ ನಡುವೆ. ಮಕ್ಕಳು ಶಾಲೆಯಿಂದ ಬಂದು ಯಂತ್ರದ ಮುಂದೆ ಕೂರುವ ಹೊತ್ತೂ ಅದೇ. ಮೋಡ ಕವಿಯುವಾಗಲೇ, ಮೊದಲ ಗುಡುಗಿಗೆ ಮುಂಚೆಯೇ, ಕಡತವನ್ನು ಉಳಿಸಿ, ಯಂತ್ರವನ್ನು ಆರಿಸಿ, ಕ್ಯಾಬಿನೆಟ್, ಮಾನಿಟರ್, ರೂಟರ್ ಈ ಮೂರರ ಪ್ಲಗ್ಗನ್ನೂ ಕಿತ್ತು, ಲ್ಯಾನ್ ತಂತಿಯನ್ನೂ ಕ್ಯಾಬಿನೆಟ್ಟಿನ ತುದಿಯಲ್ಲಿ ತೆಗೆದಿಡಬೇಕು. ಸ್ವಿಚ್ ಮಾತ್ರ ಆರಿಸಿದರೆ ಆಗದು, ಏಕೆಂದರೆ ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಮತ್ತು ಅರ್ಥ್ ತಂತಿಗಳು ಆಗಲೂ ಯಂತ್ರಕ್ಕೆ ಜೋಡಿಸಿಕೊಂಡೇ ಇರುತ್ತವೆ.